ಬೆಳಕಿಗೆ ನೆನಪಿನ ಶಕ್ತಿ ಇದೆಯೇ? ‘ಕ್ವಾಂಟಂ ಪೆಂಡೆಂಟ್’ ಮೆಸೇಜ್ ಫಾರ್ವರ್ಡ್ ಮಾಡುವ ಮುನ್ನ ಓದಿ

“ಬೆಳಕಿಗೆ ನೆನಪಿನ ಶಕ್ತಿ ಇದೆ ಎಂದು ಕ್ವಾಂಟಂ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಆ ನೆನಪನ್ನು ತುಂಬಿದ ಪೆಂಡೆಂಟ್ ಕೊರಳಿಗೆ ಹಾಕಿಕೊಂಡರೆ ಶುಗರ್, ಬಿಪಿ, ಮಂಡಿನೋವು ಎಲ್ಲವೂ ಹತೋಟಿಗೆ ಬರುತ್ತವೆ. ನೀರಿನಲ್ಲಿ ಅದ್ದಿಟ್ಟು ಆ ನೀರು ಕುಡಿದರೂ ಸಾಕು. ತಪ್ಪದೆ ಹತ್ತು ಜನರಿಗೆ ಕಳುಹಿಸಿ.”

ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಂದಲ್ಲ ಒಂದು ಸಲ ಬಂದಿರಬಹುದು. ಒಮ್ಮೆ ಪೆಂಡೆಂಟ್, ಒಮ್ಮೆ ಕೈಗೆ ಹಾಕುವ ಬ್ಯಾಂಡ್, ಇನ್ನೊಮ್ಮೆ ನೀರಿನ ಬಾಟಲಿ. ವಸ್ತು ಬದಲಾದರೂ ‘ಕ್ವಾಂಟಂ’ ಎಂಬ ಪದ ಮಾತ್ರ ಇದ್ದೇ ಇರುತ್ತದೆ.

ಪೂರ್ತಿ ಸುಳ್ಳಾಗಿದ್ದರೆ ಹಿಡಿಯುವುದು ಸುಲಭ. ಇಲ್ಲಿ ಮೊದಲ ಸಾಲಿನಲ್ಲಿ ಒಂದಿಷ್ಟು ನಿಜ ಇದೆ. ‘ನೆನಪಿನ ಪರಿಣಾಮ’ ಎಂಬುದು ಭೌತವಿಜ್ಞಾನದಲ್ಲಿ ನಿಜವಾಗಿಯೂ ಬಳಕೆಯಲ್ಲಿರುವ ಮಾತು. ಬೆಳಕು ಮತ್ತು ಅರೆವಾಹಕ ವಸ್ತುಗಳು ಒಂದಕ್ಕೊಂದು ಸೇರಿದಾಗ ಅದು ಕಾಣಿಸಿಕೊಳ್ಳುತ್ತದೆ. ಆದರೆ ಅದಕ್ಕೂ ನಿಮ್ಮ ಮಂಡಿನೋವಿಗೂ ಏನೇನೂ ಸಂಬಂಧವಿಲ್ಲ. ಯಾಕೆ ಇಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಚಾಮರಾಜನಗರವಾಗಲಿ, ಗುಂಡ್ಲುಪೇಟೆಯಾಗಲಿ, ದಿನಗೂಲಿಯಲ್ಲಿ ಮನೆ ನಡೆಸುವವರಿಗೆ ಇಂಥ ಪೆಂಡೆಂಟ್ ಸಣ್ಣ ಖರ್ಚಲ್ಲ. ಅದನ್ನು ನಂಬಿ ಶುಗರ್ ಮಾತ್ರೆ ನಿಲ್ಲಿಸಿದರೆ ಆಗುವ ನಷ್ಟ ಇನ್ನೂ ದೊಡ್ಡದು.

ಚುಟುಕಾಗಿ ಉತ್ತರ

• ಅರೆವಾಹಕದೊಳಗೆ ಬೆಳಕಿನ ಶಕ್ತಿ ಹೊರಗೆ ಸೋರಿಹೋಗಿ, ಅದರಲ್ಲಿ ಸ್ವಲ್ಪ ಭಾಗ ಮರಳಿ ಬರುವುದಕ್ಕೆ ‘ನೆನಪಿನ ಪರಿಣಾಮ’ ಎನ್ನುತ್ತಾರೆ. ಇದು ನಿಜ.
• ಈ ನೆನಪು ಉಳಿಯುವುದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟು ಹೊತ್ತು.
• ಅದನ್ನು ಪೆಂಡೆಂಟ್‌ಗೆ ತುಂಬಲು, ನೀರಿಗೆ ದಾಟಿಸಲು, ಮೈಗೆ ಹತ್ತಿಸಲು ಆಗುವುದಿಲ್ಲ. ಹಾಗೆ ಹೇಳುವ ಮೆಸೇಜ್ ಸುಳ್ಳು.

ಅರೆವಾಹಕ ಎಂದರೆ ನಿಮ್ಮ ಕೈಯಲ್ಲೇ ಇದೆ

ತಾಮ್ರದ ತಂತಿಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಗಾಜಿನಲ್ಲಿ ಹರಿಯುವುದಿಲ್ಲ. ಇವೆರಡರ ನಡುವೆ ಇರುವುದು ಅರೆವಾಹಕ. ಸಿಲಿಕಾನ್, ಗ್ಯಾಲಿಯಂ ಆರ್ಸೆನೈಡ್ ಇಂಥವು. ನಿಮ್ಮ ಫೋನಿನ ಕ್ಯಾಮರಾ, ಬೀದಿಯ ಎಲ್‌ಇಡಿ ದೀಪ, ಬಂಡೀಪುರ ಕಾಡಂಚಿನ ಹೊಲಗಳಲ್ಲಿ ಆನೆ ತಡೆಯಲು ಹಾಕುವ ಸೋಲಾರ್ ಬೇಲಿಯ ಪ್ಯಾನೆಲ್ ಎಲ್ಲವೂ ಅರೆವಾಹಕದಿಂದಲೇ ಕೆಲಸ ಮಾಡುತ್ತವೆ.

ಸೋಲಾರ್ ಪ್ಯಾನೆಲ್ ಮೇಲೆ ಬೆಳಕು ಬಿದ್ದಾಗ ಒಳಗೆ ಆಗುವುದು ಇಷ್ಟು. ಬೆಳಕು ಸಣ್ಣ ಸಣ್ಣ ಶಕ್ತಿಯ ಪೊಟ್ಟಣಗಳಾಗಿ ಬರುತ್ತದೆ. ಒಂದೊಂದು ಪೊಟ್ಟಣಕ್ಕೆ ಫೋಟಾನ್ ಎಂದು ಹೆಸರು. ಫೋಟಾನ್ ಬಂದು ಒಂದು ಎಲೆಕ್ಟ್ರಾನನ್ನು ಅದರ ಜಾಗದಿಂದ ಮೇಲಕ್ಕೆ ಎತ್ತುತ್ತದೆ. ಎಲೆಕ್ಟ್ರಾನ್ ಎದ್ದು ಹೋದ ಜಾಗ ಖಾಲಿ ಉಳಿಯುತ್ತದೆ. ಹೀಗೆ ಎತ್ತಲು ಇಂತಿಷ್ಟು ಶಕ್ತಿ ಬೇಕೇ ಬೇಕು. ಸಿಲಿಕಾನ್‌ಗೆ ಅದು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್, ಗ್ಯಾಲಿಯಂ ಆರ್ಸೆನೈಡ್‌ಗೆ ಸುಮಾರು 1.4. ಎಲ್‌ಇಡಿಯಲ್ಲಿ ಇದೇ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಎಲೆಕ್ಟ್ರಾನ್ ಮರಳಿ ಖಾಲಿ ಜಾಗಕ್ಕೆ ಇಳಿಯುವಾಗ ಫೋಟಾನ್ ಹೊರಬರುತ್ತದೆ.

ಮೇಲೆದ್ದ ಎಲೆಕ್ಟ್ರಾನ್ ಮತ್ತು ಅದರ ಖಾಲಿ ಜಾಗ ಒಂದನ್ನೊಂದು ಸೆಳೆಯುತ್ತವೆ. ಕೆಲವೊಮ್ಮೆ ಎರಡೂ ಜೋಡಿಯಾಗಿ ಉಳಿಯುತ್ತವೆ. ಈ ಜೋಡಿಗೆ ಎಕ್ಸಿಟಾನ್ ಎನ್ನುತ್ತಾರೆ. ನೆನಪಿನ ಕಥೆಯ ನಾಯಕ ಈ ಎಕ್ಸಿಟಾನ್.

ಇದನ್ನು ಸರಿಯಾಗಿ ನೋಡಬೇಕೆಂದರೆ ಎಕ್ಸಿಟಾನನ್ನು ತುಂಬ ಚಿಕ್ಕ ಜಾಗದಲ್ಲಿ ಕೂಡಿಹಾಕಬೇಕು. ಅದಕ್ಕಾಗಿ ಕ್ವಾಂಟಂ ಡಾಟ್ ಎಂಬ ಅರೆವಾಹಕದ ಕಣ ಬಳಸುತ್ತಾರೆ. ಅದರ ಅಳತೆ ಕೆಲವೇ ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಕ್ವಾಂಟಂ ಡಾಟ್‌ಗಳ ಕೆಲಸಕ್ಕಾಗಿ 2023ರ ರಸಾಯನವಿಜ್ಞಾನ ನೊಬೆಲ್ ಮೌಂಗಿ ಬವೆಂಡಿ, ಲೂಯಿ ಬ್ರಸ್ ಮತ್ತು ಅಲೆಕ್ಸಿ ಎಕಿಮೋವ್ ಅವರಿಗೆ ಬಂತು. ಅಂಗಡಿಯಲ್ಲಿ ‘ಕ್ಯೂಎಲ್‌ಇಡಿ’ ಎಂದು ಮಾರುವ ಟಿವಿಗಳಲ್ಲಿ ಬಣ್ಣಕ್ಕೆ ಕಾರಣ ಇದೇ ಬಗೆಯ ಕಣಗಳು.

ಹಾವು-ಏಣಿ ಆಟಕ್ಕೆ ನೆನಪಿಲ್ಲ

ವಿಜ್ಞಾನದಲ್ಲಿ ‘ನೆನಪು’ ಎಂದರೆ ಮನಸ್ಸಿನ ನೆನಪಲ್ಲ. ಇದು ಗೊತ್ತಾಗಲು ಮೊದಲು ನೆನಪಿಲ್ಲದ ಒಂದು ಆಟ ನೋಡಿ.

ಹಾವು-ಏಣಿ ಆಟದಲ್ಲಿ ನಿಮ್ಮ ಕಾಯಿ 46ನೇ ಮನೆಯಲ್ಲಿದೆ ಎಂದುಕೊಳ್ಳಿ. ಮುಂದೆ ಅದು ಎಲ್ಲಿಗೆ ಹೋಗುತ್ತದೆ? ದಾಳ ಎಷ್ಟು ಬಿದ್ದರೆ ಅಷ್ಟು. ಆ ಕಾಯಿ 46ಕ್ಕೆ ಏಣಿ ಹತ್ತಿ ಬಂತೋ, ಹಾವಿನ ಬಾಯಿಗೆ ಸಿಕ್ಕಿ ಇಳಿದು ಬಂತೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಈಗ ಎಲ್ಲಿದೆ ಎಂಬುದಷ್ಟೇ ಮುಖ್ಯ. ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್ ಇಂಥ ಲೆಕ್ಕಕ್ಕೆ ತಳಪಾಯ ಹಾಕಿದವರು. 1913ರಲ್ಲಿ ಅವರು ಪುಷ್ಕಿನ್ ಕವಿಯ ‘ಯೆವ್ಗೆನಿ ಒನೆಗಿನ್’ ಕಾವ್ಯದ 20,000 ಅಕ್ಷರಗಳನ್ನು ಕೂತು ಎಣಿಸಿ, ಸ್ವರದ ಹಿಂದೆ ವ್ಯಂಜನ ಬರುವ ಲೆಕ್ಕ ತೋರಿಸಿದ್ದರು. ಮುಂದಿನದು ಈಗಿನ ಸ್ಥಿತಿಯನ್ನು ಮಾತ್ರ ನೆಚ್ಚಿಕೊಂಡಿದ್ದರೆ ಅದಕ್ಕೆ ಇಂದಿಗೂ ಮಾರ್ಕೋವ್ ನಡೆ ಎಂದೇ ಹೆಸರು.

ಬೀದಿದೀಪದ ಎಲ್‌ಇಡಿ ಬಹುಪಾಲು ಹೀಗೇ ನಡೆದುಕೊಳ್ಳುತ್ತದೆ. ಫೋಟಾನ್ ಹೊರಟಿತು, ರಸ್ತೆಗೆ ಬಿತ್ತು, ಮುಗಿಯಿತು. ಅದು ತಿರುಗಿ ಬರುವುದಿಲ್ಲ. ಸಂತೆಯ ಗದ್ದಲದಲ್ಲಿ ಆಡಿದ ಮಾತಿನ ಹಾಗೆ ಕರಗಿ ಹೋಗುತ್ತದೆ.

ನೆನಪು ಇರುವುದು ಮಣ್ಣಿನಲ್ಲಿ

ಈಗ ನೆನಪಿರುವ ಒಂದು ಉದಾಹರಣೆ. ಗುಂಡ್ಲುಪೇಟೆ ಕಡೆಯ ಒಂದು ಹೊಲಕ್ಕೆ ಇವತ್ತು ಅರ್ಧ ಗಂಟೆ ಮಳೆ ಬಿತ್ತು. ನೀರು ಇಂಗುತ್ತದೆಯೋ, ಹರಿದು ಹೋಗುತ್ತದೆಯೋ? ಮಳೆಯನ್ನು ಮಾತ್ರ ನೋಡಿ ಇದಕ್ಕೆ ಉತ್ತರ ಹೇಳಲಾಗದು. ವಾರದಿಂದ ಬಿಸಿಲಿದ್ದರೆ ಇಂಗುತ್ತದೆ. ನಿನ್ನೆ ಮೊನ್ನೆಯೂ ಸುರಿದಿದ್ದರೆ ಹರಿದು ಹೋಗುತ್ತದೆ. ನಿನ್ನೆಯದು ಇವತ್ತಿನ ಲೆಕ್ಕಕ್ಕೆ ಬಂತಲ್ಲ, ಅದೇ ‘ನೆನಪು’.

ಆ ನೆನಪು ಇರುವುದೆಲ್ಲಿ? ಮಳೆಯಲ್ಲಿ ಇಲ್ಲ. ಮಣ್ಣಿನ ತೇವದಲ್ಲಿ ಇದೆ. ನಾವು ಮಳೆಯನ್ನೇ ನೋಡುತ್ತಾ ಮಣ್ಣನ್ನು ಮರೆತರೆ ಮಳೆಗೇ ನೆನಪಿನ ಶಕ್ತಿ ಇದ್ದಂತೆ ಕಾಣುತ್ತದೆ.

ಅರೆವಾಹಕದ ಕಥೆಯೂ ಇದೇ. ನೆನಪು ಬೆಳಕಿನಲ್ಲಿ ಕೂತಿಲ್ಲ, ಎಕ್ಸಿಟಾನ್‌ನಲ್ಲೂ ಕೂತಿಲ್ಲ. ಅವುಗಳ ಸುತ್ತಲಿನ ಪರಿಸರದಲ್ಲಿದೆ. ಪರಿಸರಕ್ಕೆ ಹೋದ ಶಕ್ತಿ ಅಥವಾ ಮಾಹಿತಿ ಪೂರ್ತಿ ಕಳೆದುಹೋಗುವ ಮುನ್ನ ಸ್ವಲ್ಪ ಹಿಂದಿರುಗಿ ಬರುತ್ತದೆ. ಇದಕ್ಕೆ ಮಾರ್ಕೋವ್ ಅಲ್ಲದ ನಡೆ ಎನ್ನುತ್ತಾರೆ.

ಹಿಂದಿರುಗಿ ಬರುವ ಎರಡು ದಾರಿ

ಒಂದು, ಕನ್ನಡಿ. ಕ್ವಾಂಟಂ ಡಾಟನ್ನು ಎರಡು ಅತಿ ಚಿಕ್ಕ ಕನ್ನಡಿಗಳ ನಡುವೆ ಇಟ್ಟರೆ, ಅದು ಬಿಟ್ಟ ಫೋಟಾನ್ ಹೊರಗೆ ಓಡಲಾಗದೆ ಒಳಗೇ ಪುಟಿಯುತ್ತದೆ. ಆಗ ಡಾಟ್ ಅದೇ ಫೋಟಾನನ್ನು ಮತ್ತೆ ನುಂಗುತ್ತದೆ, ಮತ್ತೆ ಉಗುಳುತ್ತದೆ. ಬಾವಿಯೊಳಗೆ ಕೂಗಿದರೆ ನಮ್ಮ ದನಿ ನಮಗೇ ಕೇಳುವ ಹಾಗೆ. ಅರೆವಾಹಕದ ತೆಳು ಪದರಗಳಲ್ಲಿ ಬೆಳಕು ಮತ್ತು ಎಕ್ಸಿಟಾನ್ ಹೀಗೆ ಬೆರೆತು ಒಂದಾಗುವುದನ್ನು 1992ರಲ್ಲಿ ತೋರಿಸಲಾಯಿತು. ಒಂದೇ ಒಂದು ಕ್ವಾಂಟಂ ಡಾಟ್‌ನಲ್ಲಿ ಇದನ್ನು 2004ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡವು. ಶಕ್ತಿ ಅತ್ತಿಂದಿತ್ತ ಹೋಗಿಬರಲು ಒಂದೇ ಡಾಟ್‌ನಲ್ಲಿ ಹಿಡಿಯುವ ಕಾಲ ಹತ್ತಾರು ಪಿಕೋಸೆಕೆಂಡ್. ಪಿಕೋಸೆಕೆಂಡ್ ಎಂದರೆ ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು.

ಎರಡು, ಕಂಪನ. ಹರಳಿನೊಳಗೆ ಅಣುಗಳು ಸಾಲಾಗಿ ಜೋಡಿಸಿಕೊಂಡು ನಿಂತಿರುತ್ತವೆ. ಎಕ್ಸಿಟಾನ್ ಹುಟ್ಟಿದ ಕೂಡಲೇ ಅಕ್ಕಪಕ್ಕದ ಅಣುಗಳು ಒಂದಿಷ್ಟು ಜರುಗುತ್ತವೆ. ಹಗ್ಗದ ಮಂಚದ ಮೇಲೆ ಯಾರಾದರೂ ಕೂತಾಗ ಹಗ್ಗ ಜಗ್ಗುವಂತೆ. ಆ ಜಗ್ಗಾಟ ಕಂಪನವಾಗಿ ಹೊರಗೆ ಹರಿಯುತ್ತದೆ. ಹೊರಗೆ ಹೋಗಿ ಮುಗಿಯುವವರೆಗೆ ಅದು ಎಕ್ಸಿಟಾನ್ ಮೇಲೆ ತಿರುಗಿ ಪ್ರಭಾವ ಬೀರುತ್ತದೆ.

ಇದಕ್ಕೆಷ್ಟು ಹೊತ್ತು? ನೀವೇ ಲೆಕ್ಕ ಹಾಕಬಹುದು. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಅಂದರೆ ಪಿಕೋಸೆಕೆಂಡಿಗೆ 5 ನ್ಯಾನೋಮೀಟರ್. ಡಾಟ್‌ನ ಅಳತೆಯೂ ಕೆಲವು ನ್ಯಾನೋಮೀಟರ್ ಮಾತ್ರ. ಹಾಗಾಗಿ ಕೆಲವೇ ಪಿಕೋಸೆಕೆಂಡ್‌ನಲ್ಲಿ ಕಂಪನ ಡಾಟ್ ದಾಟಿ ಹೊರಟುಹೋಗುತ್ತದೆ. ಅಲ್ಲಿಗೆ ನೆನಪೂ ಮುಗಿಯಿತು.

ಬೆಳಕು ಮತ್ತು ಕಂಪನ ಶಕ್ತಿಯನ್ನು ಕೊಟ್ಟು ತೆಗೆದುಕೊಳ್ಳುವ ವಿಷಯ ಕನ್ನಡಿಗರಿಗೆ ಹೊಸದಲ್ಲ. ಸರ್ ಸಿ.ವಿ. ರಾಮನ್ 1928ರಲ್ಲಿ ಕೊಲ್ಕತ್ತದಲ್ಲಿ ಕಂಡುಹಿಡಿದ ರಾಮನ್ ಪರಿಣಾಮದ ಒಳಗುಟ್ಟೂ ಇದೇ. ಬೆಳಕು ವಸ್ತುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು, ಅಥವಾ ಅದರಿಂದ ಪಡೆದು, ಬಣ್ಣ ಬದಲಿಸಿ ಹೊರಬರುತ್ತದೆ. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, ವಜ್ರದಂಥ ಹರಳುಗಳ ಕಂಪನದ ಮೇಲೆ ಇಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ

ಪಿಕೋಸೆಕೆಂಡ್ ಎಷ್ಟು ಚಿಕ್ಕದು ಎಂಬುದು ಸುಮ್ಮನೆ ಹೇಳಿದರೆ ಅಂದಾಜಿಗೆ ಸಿಗುವುದಿಲ್ಲ. ಬೆಳಕಿನ ಓಟದಲ್ಲಿ ಅಳೆದು ನೋಡಿ.

ಒಂದು ಪಿಕೋಸೆಕೆಂಡ್‌ನಲ್ಲಿ ಬೆಳಕು ಓಡುವುದು 0.3 ಮಿಲಿಮೀಟರ್. ಮೂರು ಹಾಳೆ ಕಾಗದ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ನೇರವಾಗಿ ಅಳೆದರೆ ಸುಮಾರು 30 ಕಿಲೋಮೀಟರ್. ಅಷ್ಟು ದೂರ ಓಡಲು ಬೆಳಕಿಗೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ.

ಕಂಪನದ ನೆನಪು ಹತ್ತು ಪಿಕೋಸೆಕೆಂಡ್ ಉಳಿಯುತ್ತದೆ ಎಂದೇ ಧಾರಾಳವಾಗಿ ಇಟ್ಟುಕೊಳ್ಳಿ. ಬೆಳಕು ಚಾಮರಾಜನಗರ ಬಿಟ್ಟು ಗುಂಡ್ಲುಪೇಟೆ ಸೇರುವಷ್ಟರಲ್ಲಿ ಅಂಥ ನೆನಪು ಒಂದರ ಹಿಂದೆ ಒಂದರಂತೆ ಒಂದು ಕೋಟಿ ಸಲ ಹುಟ್ಟಿ ಅಳಿಯಬಹುದು. ಅದನ್ನು ಪೆಂಡೆಂಟ್‌ನಲ್ಲಿ ತುಂಬಿ, ಡಬ್ಬಿಗೆ ಹಾಕಿ, ಕೊರಿಯರ್‌ನಲ್ಲಿ ಕಳುಹಿಸುತ್ತೇವೆ ಎನ್ನುವವರನ್ನು ಏನೆಂದು ನಂಬುವುದು?

ಇನ್ನೂ ಒಂದು ಮಾತು. ಕ್ವಾಂಟಂ ಡಾಟ್‌ಗಳ ಇಂಥ ಪ್ರಯೋಗಗಳಲ್ಲಿ ಹೆಚ್ಚಿನವು ನಡೆಯುವುದು ದ್ರವ ಹೀಲಿಯಂನ ಚಳಿಯಲ್ಲಿ, ಸುಮಾರು ಮೈನಸ್ 269 ಡಿಗ್ರಿಯಲ್ಲಿ. ಬಿಸಿ ಹೆಚ್ಚಾದಷ್ಟೂ ಅಣುಗಳ ಕುಣಿತ ಹೆಚ್ಚುತ್ತದೆ, ಈ ಸೂಕ್ಷ್ಮ ಪರಿಣಾಮ ಅದರಲ್ಲಿ ಮುಳುಗಿಹೋಗುತ್ತದೆ. ನಮ್ಮ ಮೈ ಬಿಸಿ 37 ಡಿಗ್ರಿ.

ಹಾಗಾದರೆ ವಿಜ್ಞಾನಿಗಳಿಗೆ ಇದು ಯಾಕೆ ಬೇಕು?

ಕದ್ದು ಕೇಳಲಾಗದ ಸಂದೇಶ ಕಳುಹಿಸಲು, ಕ್ವಾಂಟಂ ಕಂಪ್ಯೂಟರ್ ಕಟ್ಟಲು ಒಂದೊಂದೇ ಫೋಟಾನ್ ಬೇಕು. ಅವೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರಬೇಕು. ಕ್ವಾಂಟಂ ಡಾಟ್‌ನಿಂದ ಅಂಥ ಫೋಟಾನ್ ಪಡೆಯಬಹುದು. ಆದರೆ ಸುತ್ತಲಿನ ಕಂಪನ ಅವುಗಳನ್ನು ಕೆಡಿಸುತ್ತದೆ. ‘ಪರಿಸರಕ್ಕೆ ಹೋದದ್ದು ಹೋಯಿತು’ ಎಂದು ನೆನಪನ್ನು ಬಿಟ್ಟು ಲೆಕ್ಕ ಮಾಡಿದರೆ ಉತ್ತರ ತಪ್ಪುತ್ತದೆ. ನೆನಪನ್ನು ಸೇರಿಸಿದರೆ ಲೆಕ್ಕ ಕಷ್ಟವಾಗುತ್ತದೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಹಿಂದಿನ ಹೆಜ್ಜೆಗಳನ್ನೆಲ್ಲ ಹೊತ್ತು ಸಾಗಬೇಕು.

ಕರ್ನಾಟಕದಲ್ಲೂ ಈ ಕೆಲಸ ನಡೆಯುತ್ತಿದೆ. ದೇವನಹಳ್ಳಿ ಬಳಿಯ ಪೂರ್ಣಪ್ರಜ್ಞ ಇನ್‌ಸ್ಟಿಟ್ಯೂಟ್ ಆಫ್ ಸೈಂಟಿಫಿಕ್ ರಿಸರ್ಚ್‌ನಲ್ಲಿ ಮಾರ್ಕೋವ್ ಅಲ್ಲದ ಕ್ವಾಂಟಂ ನಡೆಯ ಸಿದ್ಧಾಂತದ ಮೇಲೆ ಸಂಶೋಧನೆ ಆಗಿದೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಂದರೆ ಕ್ವಾಂಟಂ ಎಂಬುದು ಬೂಟಾಟಿಕೆಯಲ್ಲ. ಆ ಹೆಸರು ಹೇಳಿಕೊಂಡು ಪೆಂಡೆಂಟ್ ಮಾರುವುದು ಬೂಟಾಟಿಕೆ.

ಫಾರ್ವರ್ಡ್ ಏನು ಹೇಳುತ್ತದೆ, ನಿಜ ಏನು?

ಹೇಳಿಕೆ: ನೀರು ಬೆಳಕಿನ ನೆನಪನ್ನು ಹಿಡಿದಿಟ್ಟುಕೊಳ್ಳುತ್ತದೆ.
ನಿಜ: ದ್ರವ ನೀರಿನ ಅಣುಗಳ ನಡುವಿನ ಕೊಂಡಿಗಳು ಕ್ಷಣಕ್ಷಣಕ್ಕೂ ಮುರಿದು ಕೂಡುತ್ತಿರುತ್ತವೆ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದನ್ನು ಅಳೆದು ನೋಡಿತು. ಕೊಂಡಿಗಳ ಜೋಡಣೆಯ ನೆನಪು 50 ಫೆಮ್ಟೋಸೆಕೆಂಡ್‌ನೊಳಗೆ ಅಳಿಸಿಹೋಗುತ್ತದೆ ಎಂದು ಗೊತ್ತಾಯಿತು. ಒಂದು ಪಿಕೋಸೆಕೆಂಡ್‌ನ ಇಪ್ಪತ್ತನೇ ಒಂದು ಪಾಲು. ಲೋಟ ತುಟಿಗೆ ತಲುಪುವವರೆಗೆ ಉಳಿಯುವ ನೆನಪು ಯಾವುದೂ ಅಲ್ಲಿಲ್ಲ.

ಹೇಳಿಕೆ: ಕ್ವಾಂಟಂ ಪೆಂಡೆಂಟ್ 5ಜಿ ಟವರ್‌ನ ಕಿರಣಗಳಿಂದ ಕಾಪಾಡುತ್ತದೆ.
ನಿಜ: ಕಾಪಾಡುವುದಿರಲಿ, ಕೆಲವು ಪೆಂಡೆಂಟ್‌ಗಳು ತಾವೇ ವಿಕಿರಣ ಸೂಸುತ್ತವೆ. ನೆದರ್‌ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಇಂಥ ಹತ್ತು ವಸ್ತುಗಳ ಪಟ್ಟಿ ಕೊಟ್ಟು, ಅವು ಹಾನಿಕರ ವಿಕಿರಣ ಬಿಡುತ್ತಿವೆ, ಇನ್ನು ಮುಂದೆ ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಿತು. ಪ್ರಮಾಣ ಕಡಿಮೆ ಇದ್ದರೂ ಹಗಲಿರುಳು ಮೈಗೆ ಅಂಟಿಸಿಕೊಂಡರೆ ತೊಂದರೆಯೇ. ‘ನೆಗೆಟಿವ್ ಅಯಾನ್’ ಬರಲಿ ಎಂದು ಥೋರಿಯಂ, ಯುರೇನಿಯಂ ಇರುವ ಖನಿಜದ ಪುಡಿ ಬೆರೆಸುವುದು ಇದಕ್ಕೆ ಕಾರಣ.

ಹೇಳಿಕೆ: ಕೈಯಲ್ಲಿ ಒಂದು ಕಡ್ಡಿ ಹಿಡಿದರೆ ಕ್ವಾಂಟಂ ಮಷಿನ್ ಎಲ್ಲ ಕಾಯಿಲೆ ಹೇಳುತ್ತದೆ.
ನಿಜ: ರಕ್ತ ತೆಗೆಯದೆ, ಕಡ್ಡಿ ಹಿಡಿಸಿ, ಪುಟಗಟ್ಟಲೆ ರಿಪೋರ್ಟ್ ಕೊಡುವ ಯಂತ್ರವನ್ನು ನೆಚ್ಚಿ ಔಷಧಿ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಶುಗರ್ ಗೊತ್ತಾಗುವುದು ರಕ್ತ ಪರೀಕ್ಷೆಯಿಂದ. ಬಿಪಿ ಗೊತ್ತಾಗುವುದು ತೋಳಿಗೆ ಪಟ್ಟಿ ಕಟ್ಟಿ ಅಳೆದರೆ. ಇವೆರಡನ್ನೂ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಬಹುದು.

ಸೂರ್ಯಕಾಂತಿಗೆ ನಿಜವಾದ ನೆನಪಿದೆ

ಬೆಳಕನ್ನು ನೆನಪಿಟ್ಟುಕೊಳ್ಳುವುದನ್ನು ನಿಮ್ಮ ಕಣ್ಣಿನಿಂದಲೇ ನೋಡಬೇಕೆ? ಮಳೆಗಾಲದಲ್ಲಿ ಗುಂಡ್ಲುಪೇಟೆ ಹೆದ್ದಾರಿಯ ಬದಿಯ ಸೂರ್ಯಕಾಂತಿ ಹೊಲಕ್ಕೆ ಹೋಗಿ. ಕೇರಳದಿಂದ ಬಂದವರು ಸೆಲ್ಫಿಗಾಗಿ ನಿಲ್ಲುವ ಅದೇ ಹೊಲ.

ಎಳೆಯ ಸೂರ್ಯಕಾಂತಿ ಗಿಡ ಬೆಳಿಗ್ಗೆಯಿಂದ ಸಂಜೆವರೆಗೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ. ರಾತ್ರಿ ಕತ್ತಲಲ್ಲಿ, ಸೂರ್ಯ ಇಲ್ಲದಿದ್ದರೂ, ಮೆಲ್ಲಗೆ ಪೂರ್ವಕ್ಕೆ ಹೊರಳಿ ಬೆಳಗಿಗೆ ಕಾದು ನಿಲ್ಲುತ್ತದೆ. ಗಿಡದೊಳಗಿನ ಜೈವಿಕ ಗಡಿಯಾರ ಮತ್ತು ಕಾಂಡದ ಎರಡು ಬದಿ ಬೇರೆ ಬೇರೆ ಹೊತ್ತಿನಲ್ಲಿ ಬೆಳೆಯುವುದು ಇದಕ್ಕೆ ಕಾರಣ ಎಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಹೂವು ಬಲಿತ ಮೇಲೆ ತಿರುಗಾಟ ನಿಂತು ಪೂರ್ವಕ್ಕೇ ಮುಖಮಾಡಿ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಇಂಥ ಹೂವಿಗೆ ಜೇನುನೊಣಗಳೂ ಹೆಚ್ಚು ಬರುತ್ತವೆ.

ಗಂಟೆಗಟ್ಟಲೆ ಉಳಿಯುವ ನೆನಪಿಗೆ ಜೀವಕೋಶ, ಹಾರ್ಮೋನ್, ಬೆಳೆಯುವ ಕಾಂಡ ಇಷ್ಟೆಲ್ಲ ಬೇಕಾಯಿತು. ಅಚ್ಚು ಹಾಕಿ ತೆಗೆದ ಪೆಂಡೆಂಟ್‌ನಲ್ಲಿ ಅದ್ಯಾವುದೂ ಇಲ್ಲ.

ಮುಂದಿನ ಸಲ ಮೆಸೇಜ್ ಬಂದಾಗ ಕೇಳಬೇಕಾದ ಮೂರು ಪ್ರಶ್ನೆ

1. ಎಷ್ಟು ಹೊತ್ತು? ನಿಜವಾದ ವಿಜ್ಞಾನ ಕಾಲದ ಅಳತೆ ಹೇಳುತ್ತದೆ. ‘ಜೀವನಪೂರ್ತಿ’ ಎಂದರೆ ಅನುಮಾನಿಸಿ.
2. ಯಾವುದರಲ್ಲಿ ಅಳೆದದ್ದು? ಮೈನಸ್ 269 ಡಿಗ್ರಿಯ ಹರಳಿನಲ್ಲಿ ಕಂಡದ್ದನ್ನು ಮನುಷ್ಯನ ಮೈಗೆ ಅಂಟಿಸಿದ್ದಾರೆಯೇ ನೋಡಿ.
3. ಕೊನೆಗೆ ದುಡ್ಡು ಕೇಳುತ್ತಾರೆಯೇ? ವಿಜ್ಞಾನದ ಸುದ್ದಿ ಫೋನ್‌ಪೇ ನಂಬರಿನಲ್ಲಿ ಮುಗಿಯುವುದಿಲ್ಲ.

ಕಾನೂನೂ ನಿಮ್ಮ ಕಡೆ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ರೋಗ ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ತಡೆಯುತ್ತದೆ. ಮೋಸದ ಮಾರಾಟದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೆಸೇಜ್ ಹಾಕಿದ್ದು ನಿಮ್ಮ ದೊಡ್ಡಪ್ಪನೋ ಅತ್ತೆಯೋ ಆಗಿದ್ದರೆ ಗ್ರೂಪಿನಲ್ಲಿ ಎಲ್ಲರ ಎದುರು ತಪ್ಪು ಎತ್ತಿ ತೋರಿಸಬೇಡಿ. ಅವರು ಒಳ್ಳೆಯದಾಗಲಿ ಎಂದೇ ಕಳುಹಿಸಿರುತ್ತಾರೆ. ಫೋನ್ ಮಾಡಿ, “ದೊಡ್ಡಪ್ಪ, ಶುಗರ್ ಮಾತ್ರೆ ನಿಲ್ಲಿಸಿಲ್ಲ ತಾನೇ?” ಎಂದು ಮೊದಲು ಕೇಳಿ. ಬೆಳಕಿನ ನೆನಪಿನ ವಿಷಯ ಆಮೇಲೆ ನಿಧಾನವಾಗಿ ಹೇಳಬಹುದು.

ಫಾರ್ವರ್ಡ್ ಮಾಡಲೇಬೇಕೆನಿಸಿದರೆ ಇದನ್ನು ಮಾಡಿ

“ಅರೆವಾಹಕದಲ್ಲಿ ಬೆಳಕಿನ ನೆನಪು ನಿಜ, ಆದರೆ ಅದು ಪಿಕೋಸೆಕೆಂಡ್‌ಗಳ ಲೆಕ್ಕದ್ದು. ಪೆಂಡೆಂಟ್‌ನಲ್ಲಾಗಲಿ, ನೀರಿನಲ್ಲಾಗಲಿ ಅದನ್ನು ತುಂಬಲು ಆಗುವುದಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.”